ಹಲ್ಲು ಕ್ಲೀನಿಂಗ್: ಅಸಿಸ್ಟೆಂಟಾ, ಹೈಜೀನಿಸ್ಟಾ, ಡಾಕ್ಟರಾ?

ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ ಮೇಲೆ ಎಲ್ಲರೂ ಒಂದೇ ಥರ ಕಾಣುತ್ತಾರೆ. ಮಾಸ್ಕು, ಗ್ಲೌಸು, ಅಷ್ಟೇ. ಆದ್ದರಿಂದ ಕ್ಲೀನಿಂಗ್ ಮಾಡುವವರು ಯಾರು ಅಂತ ಮಲಗುವ ಮೊದಲೇ ಕೇಳಿ.

ಅಸಿಸ್ಟೆಂಟ್ ಕೆಲಸ ಅಂದರೆ ಎಂಜಲು ಎಳೆಯುವ ಪೈಪ್ ಹಿಡಿಯುವುದು, ಉಪಕರಣ ಕೊಡುವುದು, ಅವನ್ನು ಶುದ್ಧ ಮಾಡಿಡುವುದು. ಅನೇಕರು ಕ್ಲಿನಿಕ್‌ನಲ್ಲೇ ನೋಡಿ ಕಲಿತವರು. ಹೈಜೀನಿಸ್ಟ್ ಬೇರೆ. 1948ರ ದಂತವೈದ್ಯರ ಕಾಯ್ದೆ ಹಲ್ಲಿನ ಸ್ಕೇಲಿಂಗ್ (ಗಟ್ಟಿ ಕಟ್ಟಿದ ಪಾಚಿ ಕೆರೆದು ತೆಗೆಯುವುದು), ಪಾಲಿಶ್ ಮಾಡುವವರನ್ನೇ ಹೈಜೀನಿಸ್ಟ್ ಎಂದು ಗುರುತಿಸಿತ್ತು. ಅದಕ್ಕೆ ಕೋರ್ಸ್ ಇದೆ, ನೋಂದಣಿ ಇದೆ. ಆದರೆ ನಮ್ಮೂರ ಸಣ್ಣ ಕ್ಲಿನಿಕ್‌ಗಳಲ್ಲಿ ಅವರು ಸಿಗುವುದು ಅಪರೂಪ, ಡಾಕ್ಟರೇ ಮಾಡುತ್ತಾರೆ.

ಅಮೆರಿಕದ ಕಾನ್ಸಾಸ್‌ನಲ್ಲಿ ತರಬೇತಿ ಪಡೆದ ಅಸಿಸ್ಟೆಂಟ್‌ಗೂ ಸ್ಕೇಲಿಂಗ್ ಮಾಡಲು ಅವಕಾಶವಿದೆ, ಆದರೆ ವಸಡಿನ ಹೊರಗೆ ಕಾಣುವ ಹಲ್ಲಿನ ಭಾಗಕ್ಕೆ ಮಾತ್ರ. ವಸಡಿನ ಆ ಗೆರೆಯಲ್ಲೇ ವಿಷಯ ಇರುವುದು. ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ನಾಲಿಗೆ ಆಡಿಸಿ ನೋಡಿ. ಒರಟಾಗಿ ತಾಗುವುದೇ ಗಟ್ಟಿ ಕಟ್ಟಿದ ಪಾಚಿ. ಎಂಜಲಿನ ಗ್ರಂಥಿ ಅಲ್ಲೇ ತೆರೆಯುವುದರಿಂದ ಅಲ್ಲಿ ಜಾಸ್ತಿ. ಕಣ್ಣಿಗೆ ಕಾಣುವ ಅದನ್ನು ತೆಗೆಯುವುದು ಒಂದು ಮಾತು. ವಸಡಿನ ಒಳಗೆ ಇಳಿದಿದ್ದನ್ನು ಕೈಯಲ್ಲೇ ತಡವಿ ಗುರುತಿಸಿ ಕೆರೆಯುವುದು ಬೇರೆಯೇ ಮಾತು, ಅಲ್ವಾ?

ಕಾನ್ಸಾಸ್ ಥರದ ವ್ಯವಸ್ಥೆ ಇಲ್ಲಿಗೂ ಬಂದರೆ ನನ್ನ ತಕರಾರಿಲ್ಲ, ತರಬೇತಿ ಮತ್ತು ಪರೀಕ್ಷೆ ಇದ್ದರೆ. ಸದ್ಯಕ್ಕಂತೂ ಡಾಕ್ಟರ್ ಅಥವಾ ನೋಂದಾಯಿತ ಹೈಜೀನಿಸ್ಟ್ ಹತ್ತಿರ ಮಾತ್ರ ಮಾಡಿಸಿ. ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ, ವಸಡಲ್ಲಿ ರಕ್ತ ಬರುತ್ತಿದ್ದರೆ ಸುಮ್ನೆ ಡಾಕ್ಟರ್ ಹತ್ತಿರವೇ ಮಾಡಿಸಿ. ಮಾತ್ರೆಯ ಹೆಸರನ್ನೂ ಮೊದಲೇ ಹೇಳಿಬಿಡಿ.