ಕೆನ್ ಕಾಲಿಯರ್ ಅವರ ‘ನ್ಯೂ ಆರ್ಲಿಯನ್ಸ್ ಟು ಲಂಡನ್’: ಆರು ಜನ ನುಡಿಸಿದ ಒಂದು ಬಾನಿ

1953ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲಿ ಧ್ವನಿಮುದ್ರಣಗೊಂಡು ಡೆಕ್ಕಾ ಕಂಪನಿಯಿಂದ ಹೊರಬಂದ, ಬ್ರಿಟಿಷ್ ಟ್ರಂಪೆಟ್ ವಾದಕ ಕೆನ್ ಕಾಲಿಯರ್ ಅವರ ಮೇಳದ ಹತ್ತು ಇಂಚಿನ ಈ ಎಲ್‌ಪಿಯಲ್ಲಿ ಇರುವುದು ಎಂಟೇ ಎಂಟು ಕೃತಿಗಳು. ಎಲ್ಲವನ್ನೂ ಸೇರಿಸಿದರೂ ಅರ್ಧ ಗಂಟೆ ತುಂಬುವುದಿಲ್ಲ. ಎರಡು ತಿಂಗಳಿನಿಂದ ಹೆಚ್ಚುಕಡಿಮೆ ದಿನವೂ ಇದನ್ನು ಕೇಳುತ್ತಿದ್ದೇನೆ. ಹಳೆಯ ಶೈಲಿಯ ಜಾಝ್ ಸಂಗೀತದ ರುಚಿ ಹತ್ತಿಸಿಕೊಳ್ಳಬೇಕೆನ್ನುವವರು ಬ್ರಿಟನ್ನಿನ ಯಾವ ರೆಕಾರ್ಡಿನಿಂದ ಆರಂಭಿಸಬೇಕು ಎಂದು ಕೇಳಿದರೆ ನಾನು ಹಿಂದೆಮುಂದೆ ನೋಡದೆ ಇದರ ಹೆಸರನ್ನು ಹೇಳುತ್ತೇನೆ.

ಮೊದಲು ಕೇಳಬೇಕಾದದ್ದು ‘ಐಲ್ ಆಫ್ ಕಾಪ್ರಿ’. ಇದು ಜಾಝ್ ಹುಟ್ಟಿದ ಅಮೆರಿಕದ ಊರಾದ ನ್ಯೂ ಆರ್ಲಿಯನ್ಸಿನ ಹಾಡಲ್ಲ. 1934ರಲ್ಲಿ ಬಂದು ಮನೆಮನೆಯಲ್ಲೂ ಗುನುಗುತ್ತಿದ್ದ ಒಂದು ಜನಪ್ರಿಯ ಪ್ರೇಮಗೀತೆ. ಅಂಥ ಸುಲಭದ ಮಟ್ಟನ್ನು ಕಾಲಿಯರ್ ತಮ್ಮ ಟ್ರಂಪೆಟ್ಟಿನಲ್ಲಿ ಹೆಚ್ಚು ಅಲಂಕಾರವಿಲ್ಲದೆ, ಹಾಡಿನ ಸೊಲ್ಲನ್ನು ಬಾಯಿಬಿಟ್ಟು ಹೇಳುವಷ್ಟೇ ನೇರವಾಗಿ ನುಡಿಸುತ್ತಾರೆ. ಅವರು ಹಾಗೆ ನೇರವಾಗಿ ನಡೆಯುವುದರಿಂದಲೇ ಉಳಿದ ಇಬ್ಬರಿಗೆ ಜಾಗ ಸಿಗುತ್ತದೆ: ಮಾಂಟಿ ಸನ್‌ಶೈನ್ ಅವರ ಕ್ಲಾರಿನೆಟ್ ಮೇಲಿನ ಸ್ಥಾಯಿಯಲ್ಲಿ ಮಟ್ಟಿನ ಸುತ್ತ ಬಳ್ಳಿಯಂತೆ ಹಬ್ಬುತ್ತದೆ, ಕ್ರಿಸ್ ಬಾರ್ಬರ್ ಅವರ ಟ್ರೊಂಬೋನ್ ಕೆಳಗಿನಿಂದ ಒಂದು ಸ್ವರದಿಂದ ಮತ್ತೊಂದಕ್ಕೆ ಜಾರುತ್ತಾ ಸಾಲುಸಾಲಿನ ನಡುವಣ ಸಂದುಗಳನ್ನು ತುಂಬುತ್ತದೆ. ಮೂವರೂ ಒಟ್ಟಿಗೆ ನುಡಿಸುತ್ತಿದ್ದರೂ ಯಾರ ಮಾತೂ ಯಾರ ಮಾತಿನಡಿ ಹೂತುಹೋಗುವುದಿಲ್ಲ. ನಮ್ಮ ಸಂಗೀತದಲ್ಲಿ ಮನೋಧರ್ಮವೆಂದರೆ ಸಾಮಾನ್ಯವಾಗಿ ಒಬ್ಬ ಕಲಾವಿದರ ಸ್ವಾತಂತ್ರ್ಯ. ಇಲ್ಲಿ ಮೂವರು ಏಕಕಾಲದಲ್ಲಿ ತಂತಮ್ಮ ಮನೋಧರ್ಮವನ್ನು ಬಿಚ್ಚುತ್ತಾ ಒಂದೇ ಹಾಡನ್ನು ಕಟ್ಟುತ್ತಾರೆ. ಆರಂಭಕಾಲದ ಜಾಝ್‌ನ ತಿರುಳೇ ಇದು, ಮತ್ತು ಏಕವಾದನದ ಮೆರೆದಾಟಕ್ಕಾಗಿ ಅದನ್ನು ಬಿಟ್ಟುಕೊಡಲು ಕಾಲಿಯರ್ ಬದುಕಿನುದ್ದಕ್ಕೂ ಒಪ್ಪಲಿಲ್ಲ.

ಈ ಮೇಳದಲ್ಲಿ ಪಿಯಾನೊ ಇಲ್ಲ. ಲಾನಿ ಡೊನೆಗನ್ ಅವರ ಬ್ಯಾಂಜೊ, ಜಿಮ್ ಬ್ರೇ ಅವರ ಬಾಸ್, ರಾನ್ ಬೌಡೆನ್ ಅವರ ಡ್ರಮ್ಸ್, ಇವಿಷ್ಟೇ ಲಯದ ಆಧಾರ. ಹಾಗಿದ್ದೂ ಪಿಯಾನೊಗೆಂದೇ ರಚಿತವಾದ, ತಾಳಕ್ಕೆ ತಪ್ಪಿದ ಒತ್ತುಗಳಲ್ಲಿ ನಡೆಯುವ ಎರಡು ರ‍್ಯಾಗ್‌ಗಳನ್ನು ಅವರು ಆರಿಸಿಕೊಂಡಿದ್ದಾರೆ. ಒಂದು, ಸೇಂಟ್ ಲೂಯಿಸ್‌ನ ಟಾಮ್ ಟರ್ಪಿನ್ 1897ರಲ್ಲಿ ಪ್ರಕಟಿಸಿದ ‘ಹಾರ್ಲೆಮ್ ರ‍್ಯಾಗ್’; ಇನ್ನೊಂದು, ರಾಬರ್ಟ್ ಹ್ಯಾಂಪ್ಟನ್ ಅವರ ‘ಕ್ಯಾಟರಾಕ್ಟ್ ರ‍್ಯಾಗ್’. ಪಿಯಾನೊದಲ್ಲಿ ಒಬ್ಬರ ಎರಡು ಕೈಗಳು ಮಾಡುವ ಕೆಲಸವನ್ನು ಇಲ್ಲಿ ಆರು ಜನ ಹಂಚಿಕೊಳ್ಳಬೇಕು. ಹೆಡ್‌ಫೋನ್ ಹಾಕಿಕೊಂಡು ಡೊನೆಗನ್ ಅವರ ಬ್ಯಾಂಜೊ ಒಂದನ್ನೇ ಹಿಂಬಾಲಿಸಿ ನೋಡಿ: ಪ್ರತಿ ಆವರ್ತಕ್ಕೆ ನಾಲ್ಕು ಮೀಟು, ಆ ನಾಲ್ಕರ ಒಣಗಿದ, ಚಿಟಿಕೆ ಹೊಡೆದಂಥ ಸದ್ದು, ಕೊನೆಯವರೆಗೂ ಒಂದೇ ನಡೆ. ಮೇಲಿನ ವಾದ್ಯಗಳು ಎಷ್ಟೇ ಆವೇಶಕ್ಕೆ ಬಂದರೂ ಕಾಲಪ್ರಮಾಣ ಓಡುವುದಿಲ್ಲ.

ಈ ಸಂಯಮ ಎಲ್ಲಿಂದ ಬಂತು ಎನ್ನುವುದಕ್ಕೆ ರೆಕಾರ್ಡಿನ ಹೆಸರೇ ಉತ್ತರ. 1928ರಲ್ಲಿ ಗ್ರೇಟ್ ಯಾರ್ಮತ್‌ನಲ್ಲಿ ಹುಟ್ಟಿ ಲಂಡನ್ನಿನ ಸೋಹೋದಲ್ಲಿ ಬೆಳೆದ ಕಾಲಿಯರ್, ನ್ಯೂ ಆರ್ಲಿಯನ್ಸಿನ ಹಿರಿಯ ಕಲಾವಿದರಾದ ಟ್ರಂಪೆಟ್ ವಾದಕ ಬಂಕ್ ಜಾನ್ಸನ್ ಮತ್ತು ಕ್ಲಾರಿನೆಟ್ ವಾದಕ ಜಾರ್ಜ್ ಲೂಯಿಸ್ ಅವರ ರೆಕಾರ್ಡುಗಳನ್ನು ಕೇಳಿ ಕೇಳಿ ನುಡಿಸಲು ಕಲಿತವರು. 1949ರಲ್ಲಿ ಗೆಳೆಯರೊಂದಿಗೆ ಕ್ರೇನ್ ರಿವರ್ ಜಾಝ್ ಬ್ಯಾಂಡ್ ಕಟ್ಟಿದರು. ಆ ಕಾಲದಲ್ಲಿ ಅಮೆರಿಕದ ಸಂಗೀತಗಾರರು ಬ್ರಿಟನ್ನಿಗೆ ಬಂದು ಮೇಳದೊಂದಿಗೆ ನುಡಿಸುವುದಕ್ಕೆ ಬಹುಮಟ್ಟಿಗೆ ತಡೆಯಿತ್ತು. ಗುರುಗಳು ಬರಲಾರರು ಎಂದಾದ ಮೇಲೆ ಇವರೇ ಹೊರಟರು. ವ್ಯಾಪಾರಿ ಹಡಗಿನಲ್ಲಿ ಕೆಲಸಕ್ಕೆ ಸೇರಿ, 1952ರ ಕೊನೆಯ ಭಾಗದಲ್ಲಿ ಅಲಬಾಮಾದ ಮೊಬೀಲ್ ಬಂದರಿನಲ್ಲಿ ಹಡಗು ಬಿಟ್ಟು ನ್ಯೂ ಆರ್ಲಿಯನ್ಸ್ ತಲುಪಿದರು. ಕರಿಯರನ್ನೂ ಬಿಳಿಯರನ್ನೂ ಬೇರೆಬೇರೆ ಇರಿಸುವ ಕಾನೂನುಗಳು ಇನ್ನೂ ಜಾರಿಯಲ್ಲಿದ್ದ ಆ ಊರಿನಲ್ಲಿ, ಜಾರ್ಜ್ ಲೂಯಿಸ್ ಅವರ ಮೇಳದ ಹಿರಿಯ ಕಪ್ಪು ಕಲಾವಿದರ ಪಕ್ಕದಲ್ಲಿ ಕುಳಿತು ನುಡಿಸಿದರು. ವೀಸಾ ಅವಧಿ ಮುಗಿದದ್ದಕ್ಕಾಗಿ ಬಂಧನಕ್ಕೊಳಗಾಗಿ ಒಂದು ತಿಂಗಳಿಗೂ ಮಿಕ್ಕಿ ಜೈಲಿನಲ್ಲಿದ್ದರು. ನ್ಯೂ ಆರ್ಲಿಯನ್ಸಿನಿಂದ ಅಣ್ಣ ಬಿಲ್‌ಗೆ ಅವರು ಬರೆದ ಪತ್ರಗಳು ‘ಮೆಲೊಡಿ ಮೇಕರ್’ ಪತ್ರಿಕೆಯಲ್ಲಿ ಅಚ್ಚಾದಾಗ, ಊರಿಗೆ ಮರಳುವ ಮೊದಲೇ ಇಪ್ಪತ್ತನಾಲ್ಕರ ಈ ಯುವಕನ ಹೆಸರು ಲಂಡನ್ನಿನ ರಸಿಕರ ಬಾಯಲ್ಲಿತ್ತು. 1953ರಲ್ಲಿ ಅವರು ಹಿಂತಿರುಗಿದಾಗ ಬಾರ್ಬರ್ ಮತ್ತು ಸನ್‌ಶೈನ್ ಸಿದ್ಧಪಡಿಸಿಕೊಂಡಿದ್ದ ಮೇಳ ನಾಯಕನಿಗಾಗಿ ಕಾದಿತ್ತು. ಆ ಮೇಳದ್ದೇ ಈ ರೆಕಾರ್ಡ್.

ಈ ಹಿನ್ನೆಲೆ ತಿಳಿದು ‘ಗೋಯಿಂಗ್ ಹೋಮ್’ ಕೇಳಿದರೆ ಅದರ ಭಾರ ಬೇರೆಯೇ ಆಗುತ್ತದೆ. ಇದರಲ್ಲಿ ಕಾಲಿಯರ್ ತಾವೇ ಹಾಡಿದ್ದಾರೆ. ಅವರದು ತರಬೇತಿ ಪಡೆದ ಕಂಠವಲ್ಲ. ಸ್ವಲ್ಪ ಒಣಗಿದ, ಏರಿಳಿತ ಕಡಿಮೆಯಿರುವ, ಪಕ್ಕದಲ್ಲಿ ಕುಳಿತವರೊಡನೆ ಮಾತನಾಡುವಂಥ ದನಿ. ಮೊದಲ ಸಲ ಕೇಳಿದಾಗ ಇದು ನನಗೆ ಕೊರತೆಯಾಗಿ ಕಂಡಿತ್ತು. ಈಗ ಹಾಗೆ ಅನ್ನಿಸುವುದಿಲ್ಲ. ಮನೆಗೆ ಹೋಗುತ್ತೇನೆ ಎಂದು ಹಾಡುವ ಈ ಇಂಗ್ಲಿಷ್ ಯುವಕನಿಗೆ ಮನೆ ಎಂದರೆ ತನ್ನನ್ನು ಹೊರಹಾಕಿದ ಊರಾದ ನ್ಯೂ ಆರ್ಲಿಯನ್ಸ್ ಎಂಬುದು ತಿಳಿದ ಮೇಲೆ, ಆ ದನಿಗೆ ಇನ್ನಷ್ಟು ಮೆರುಗು ಬೇಕಿತ್ತು ಎಂದು ಹೇಳಲು ಮನಸ್ಸು ಬಾರದು. ‘ಲಾ ಹಾರ್ಪ್ ಸ್ಟ್ರೀಟ್ ಬ್ಲೂಸ್’ ಕೂಡ ಅದೇ ಊರಿನ ಒಂದು ಬೀದಿಯ ಹೆಸರನ್ನು ಹೊತ್ತಿದೆ. ವಿಳಂಬ ಗತಿಯ ಈ ಕೃತಿಯಲ್ಲಿ ಟ್ರಂಪೆಟ್ಟಿನ ಪ್ರತಿ ಸಾಲಿನ ಕೊನೆಯ ಸ್ವರ ನಡುಗುತ್ತಾ ಅಡಗುವುದನ್ನು ಗಮನವಿಟ್ಟು ಕೇಳಬೇಕು.

ಎಲ್ಲವೂ ಒಂದೇ ಮಟ್ಟದಲ್ಲಿಲ್ಲ. ‘ಟೂ ಬಿಸಿ’ ಚುರುಕಾಗಿದ್ದರೂ ಉಳಿದವುಗಳ ನಡುವೆ ಹಗುರವೆನಿಸುತ್ತದೆ. ಧ್ವನಿಮುದ್ರಣ ಮೋನೊ, ಅಂದರೆ ಎಲ್ಲ ಸದ್ದೂ ಒಂದೇ ಚಾನೆಲ್ಲಿನಲ್ಲಿ; ಬಾಸ್ ಮತ್ತು ಡ್ರಮ್ಸ್ ಹಿಂದೆ ಸರಿದು ನಿಂತಂತೆ ಕೇಳಿಸುತ್ತವೆ. ಜಾಝ್ ಎಂದರೆ ಸದಾ ಹೊಸದನ್ನೇ ಹುಡುಕುವುದು ಎಂದು ನಂಬಿದವರು ಇದನ್ನು ಬರಿಯ ಅನುಕರಣೆ ಎಂದು ತಳ್ಳಿಹಾಕಬಹುದು. ಈ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಒಂದು ಬಾನಿಯನ್ನು ಹಿಡಿದವರು ಅದರ ಕಟ್ಟುಪಾಡಿನೊಳಗೇ ತಮ್ಮತನವನ್ನು ಕಾಣುವುದು ನಮಗೆ ಹೊಸತೇನಲ್ಲ. ಕಾಲಿಯರ್ ಅವರ ನಾದವನ್ನು ಬಂಕ್ ಜಾನ್ಸನ್ ಅವರದೆಂದು ಯಾರೂ ತಪ್ಪಾಗಿ ಗುರುತಿಸಲಾರರು.

ಈ ಆರು ಜನ ಜೊತೆಗಿದ್ದದ್ದು ಒಂದು ವರ್ಷದಷ್ಟೇ ಎನ್ನುವುದೂ ರೆಕಾರ್ಡಿನ ಬೆಲೆಯನ್ನು ಹೆಚ್ಚಿಸುತ್ತದೆ. 1954ರಲ್ಲಿ ಭಿನ್ನಾಭಿಪ್ರಾಯ ಬಂದು, ಉಳಿದವರು ಬಾರ್ಬರ್ ಅವರ ನಾಯಕತ್ವದಲ್ಲಿ ಬೇರೆಯಾದರು. ಡೊನೆಗನ್ ಸ್ಕಿಫಲ್ ಎಂಬ, ಸರಳ ವಾದ್ಯಗಳ ಜನಪದ ಶೈಲಿಯ ಹಾಡುಗಳಿಂದ ದೇಶವಿಡೀ ಹೆಸರಾದರು; ಕಾರ್ಯಕ್ರಮದ ವಿರಾಮದಲ್ಲಿ ಗಿಟಾರ್ ಹಿಡಿದು ಹಾಡುವ ಆ ಪದ್ಧತಿ ಬೆಳೆದದ್ದು ಕಾಲಿಯರ್ ಅವರ ಮೇಳದಲ್ಲಿಯೇ. ಕಾಲಿಯರ್ ಮಾತ್ರ 1988ರಲ್ಲಿ ತೀರಿಕೊಳ್ಳುವವರೆಗೆ ತಮ್ಮ ದಾರಿಯನ್ನು ಬದಲಿಸಲಿಲ್ಲ.

ಕೊಳ್ಳುವವರಿಗೆ ಒಂದು ಮಾತು. ನಾನು ಮೊದಲು ತರಿಸಿಕೊಂಡದ್ದು ಹಳೆಯ ಹತ್ತು ಇಂಚಿನ ಪ್ರತಿ. ಡಿಸ್ಕ್ ಅಂಚಿನಲ್ಲಿ ಹಪ್ಪಳದಂತೆ ಬಾಗಿತ್ತು. ಸೂಜಿ ಏರಿ ಇಳಿದಂತೆಲ್ಲ ಕ್ಲಾರಿನೆಟ್ಟಿನ ಶ್ರುತಿ ತೂಗಾಡುತ್ತಿತ್ತು. ಮಾರಿದವರು ಅದನ್ನು ‘ಉತ್ತಮ ಸ್ಥಿತಿ’ ಎಂದು ವರ್ಣಿಸಿದ್ದರು. ಹಿಂದಿರುಗಿಸಲು ಮೂರು ವಾರ ಹಿಡಿಯಿತು. ಆದ್ದರಿಂದ ಹಳೆಯ ಡಿಸ್ಕನ್ನೇ ಬಯಸುವವರು ಅಂಚಿನ ಫೋಟೊ ಕೇಳದೆ ಹಣ ಕೊಡಬೇಡಿ. ಸಂಗೀತವಷ್ಟೇ ಸಾಕು ಎನ್ನುವವರಿಗೆ ಮರುಮುದ್ರಿತ ಸಿಡಿ ಒಳ್ಳೆಯ ಆಯ್ಕೆ. ಆನ್‌ಲೈನ್‌ನಲ್ಲಿ ಕೇಳುವವರು ಕೃತಕವಾಗಿ ಸ್ಟೀರಿಯೊ ಮಾಡಿದ, ಪ್ರತಿಧ್ವನಿ ಬೆರೆಸಿದ ಆವೃತ್ತಿಗಳನ್ನು ಬಿಟ್ಟು ಮೋನೊ ಆವೃತ್ತಿಯನ್ನೇ ಹುಡುಕಿ. ಇದು ಹಿಡಿಸಿದರೆ, 1954ರಲ್ಲಿ ಹೊಸ ಮೇಳದೊಂದಿಗೆ, ಆಕರ್ ಬಿಲ್ಕ್ ಅವರ ಕ್ಲಾರಿನೆಟ್ ಇಟ್ಟುಕೊಂಡು ಕಾಲಿಯರ್ ಮುದ್ರಿಸಿದ ‘ಬ್ಯಾಕ್ ಟು ದಿ ಡೆಲ್ಟಾ’ವನ್ನು ಅದರ ಬೆನ್ನಿಗೇ ಕೇಳಿ, ಅದರಲ್ಲಿ ಅವರ ಸ್ಕಿಫಲ್ ಹಾಡುಗಳೂ ಇವೆ.