ಲ್ಯಾಬ್ ಕೋರ್ಸ್: ಗದಗಿನ ಸಣ್ಣ ಕಾಲೇಜೋ, ಹುಬ್ಬಳ್ಳಿಯ ದೊಡ್ಡ ಕಾಲೇಜೋ?

ಲ್ಯಾಬ್ ಟೆಕ್ನಾಲಜಿಯನ್ನು ನಾನು ಎರಡೂ ಕಡೆ ಓದಿದ್ದೇನೆ. ಪಿಯುಸಿ ಆದ ಮೇಲೆ ಗದಗಿನ ಒಂದು ಸಣ್ಣ ಪ್ಯಾರಾಮೆಡಿಕಲ್ ಕಾಲೇಜಿನಲ್ಲಿ ಡಿಪ್ಲೊಮಾ, ಆಮೇಲೆ ಹುಬ್ಬಳ್ಳಿಯಲ್ಲಿ ದೊಡ್ಡ ಆಸ್ಪತ್ರೆ ಜೊತೆಗೇ ಇರುವ ಕಾಲೇಜಿನಲ್ಲಿ ಬಿಎಸ್ಸಿ. ‘ಯಾವುದು ಚಲೋ ಅಕ್ಕಾ?’ ಅಂತ ಊರಿನ ಹುಡುಗರು ಕೇಳ್ತಾನೇ ಇರ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ನಾನು ಹೇಳೋದು, ಮೊದಲು ಸಣ್ಣದು.

ಗದಗಿನಲ್ಲಿ ಮೈಕ್ರೋಸ್ಕೋಪ್ ಹಳೆಯವು. ಆದರೆ ಹುಡುಗರೂ ಕಡಿಮೆ, ಸರದಿ ಕಾಯುವ ಗೋಜಿಲ್ಲ. ಪುಸ್ತಕ ಇಂಗ್ಲಿಷ್‌ನಲ್ಲಿದ್ದರೂ ಮೇಡಂ ಕನ್ನಡದಲ್ಲೇ ಬಿಡಿಸಿ ಹೇಳುತ್ತಿದ್ದರು. ಸ್ಮಿಯರ್, ಅಂದರೆ ಗಾಜಿನ ಸ್ಲೈಡ್ ಮೇಲೆ ರಕ್ತದ ತೆಳು ಪದರ, ಎಳೆಯೋದನ್ನಂತೂ ಅಲ್ಲೇ ಕಲಿತೆ. ಸ್ಲೈಡ್ ಮೇಲೆ ಒಂದು ಹನಿ ರಕ್ತ, ಇನ್ನೊಂದು ಸ್ಲೈಡನ್ನು 30-45 ಡಿಗ್ರಿ ಓರೆ ಹಿಡಿದು ಒಂದೇ ಸಲಕ್ಕೆ ತಳ್ಳಬೇಕು. ತುದಿ ನಾಲಿಗೆಯ ಹಾಗೆ ತೆಳ್ಳಗೆ ಬರಬೇಕು. ದಪ್ಪ ಬಂತೋ, ‘ತೊಳದ್ ಇಡು, ಮತ್ತೊಂದ್ ಎಳಿ’. ಬಿಳಿ ರಕ್ತಕಣಗಳನ್ನೂ ಕೈಯಲ್ಲೇ ಎಣಿಸಬೇಕಿತ್ತು. ರಕ್ತವನ್ನು 1:20 ತೆಳು ಮಾಡಿ, ನ್ಯೂಬಾರ್ ಚೇಂಬರ್ ಅನ್ನೋ ಗೆರೆ ಕೊರೆದ ಗಾಜಿನ ನಾಲ್ಕು ಮೂಲೆ ಚೌಕಗಳಲ್ಲಿ ಎಣಿಸಿ 50ರಿಂದ ಗುಣಿಸೋದು. ಕಣ್ಣು ಉರಿಯುತ್ತಿತ್ತು ಬಿಡಿ.

ಹುಬ್ಬಳ್ಳಿಯಲ್ಲಿ ಅದೇ ಕೆಲಸಕ್ಕೆ ಮಷಿನ್. ಟ್ಯೂಬ್ ಇಟ್ಟರೆ ಒಂದೆರಡು ನಿಮಿಷದಲ್ಲಿ ವರದಿ ಕೈಗೆ ಬರುತ್ತದೆ. ವಿದ್ಯಾರ್ಥಿಗಳು ಜಾಸ್ತಿ, ಮಷಿನ್ ಮುಟ್ಟೋಕೆ ಸಿಗೋದು ಕಡಿಮೆ. ಮೊದಲಿಗೆ ಸುಮ್ನೆ ನಿಂತು ನೋಡೋದೇ ಆಯ್ತು. ಆದರೆ ಅಲ್ಲಿ ಬರುವಷ್ಟು ಥರದ ಕೇಸ್ ಸಣ್ಣ ಕಾಲೇಜಿನಲ್ಲಿ ಎಲ್ಲಿ ಸಿಗಬೇಕು? ಮಲೇರಿಯಾವನ್ನು ಗದಗಿನಲ್ಲಿ ನೋಡಿದ್ದು ಪೆಟ್ಟಿಗೆಯಲ್ಲಿಟ್ಟ ಹಳೇ ಸ್ಲೈಡಿನಲ್ಲಿ ಮಾತ್ರ. ಹುಬ್ಬಳ್ಳಿಯಲ್ಲಿ ಮಳೆಗಾಲ ಶುರುವಾದರೆ ಡೆಂಗಿ ಸ್ಯಾಂಪಲ್‌ಗಳ ಸಾಲೇ ಸಾಲು. ಜೊತೆಗೆ ‘ಯವ್ವಾ, ಸಾವಕಾಶ ಚುಚ್ಚವ್ವಾ’ ಅನ್ನೋ ಅಜ್ಜಂದಿರು. ನರ ಸಿಗದ ಕೈಯಲ್ಲಿ ರಕ್ತ ತೆಗೆಯೋದನ್ನು ಅವರೇ ಕಲಿಸಿದರು.

ಒಂದು ದಿನ ಒಬ್ಬರ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) 40 ಸಾವಿರ, ಅಂದರೆ ತೀರಾ ಕಡಿಮೆ, ಅಂತ ಮಷಿನ್ ತೋರಿಸಿತು. ಮನುಷ್ಯ ಆರಾಮಾಗಿ ಕೂತು ಚಹಾ ಕುಡೀತಿದ್ದಾರೆ! ಸೀನಿಯರ್ ಒಬ್ಬರು ಸ್ಮಿಯರ್ ನೋಡು ಅಂದರು. ಎಳೆದು, ಬಣ್ಣ ಹಾಕಿ ನೋಡಿದರೆ ಸ್ಲೈಡಿನ ತುದಿಯಲ್ಲಿ ಪ್ಲೇಟ್‌ಲೆಟ್‌ಗಳು ಗುಂಪುಗುಂಪಾಗಿ ಅಂಟಿಕೊಂಡಿವೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಹಾಕಿರುವ ಇಡಿಟಿಎಯಿಂದ ಕೆಲವರ ರಕ್ತದಲ್ಲಿ ಹೀಗಾಗುತ್ತದೆ. ಮಷಿನ್ ಆ ಗುಂಪನ್ನು ಪ್ಲೇಟ್‌ಲೆಟ್ ಅಂತ ಲೆಕ್ಕ ಹಿಡಿಯಲ್ಲ. ಇಡಿಟಿಎ ಬದಲು ಸಿಟ್ರೇಟ್ ಇರುವ ನೀಲಿ ಮುಚ್ಚಳದ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದೆವು, ಲೆಕ್ಕ ಸರಿ ಬಂತು. ಇಂಥ ಕೇಸ್ ಸಿಕ್ಕಿದ್ದು ಹುಬ್ಬಳ್ಳಿಯಲ್ಲಿ, ಆ ಸ್ಮಿಯರ್ ಎಳೆದ ಕೈ ಪಳಗಿದ್ದು ಗದಗಿನಲ್ಲಿ.

ಇಂಗ್ಲಿಷ್ ಪುಸ್ತಕಕ್ಕೆ ಹೆದರದವರು ನೇರ ಬಿಎಸ್ಸಿಗೇ ಹೋಗಿ, ವರ್ಷ ಉಳಿಯುತ್ತದೆ. ಡಿಪ್ಲೊಮಾಕ್ಕೆ ಸೇರುವವರು ಪ್ಯಾರಾಮೆಡಿಕಲ್ ಬೋರ್ಡಿನ ಮಾನ್ಯತೆ ಪತ್ರ ಕೇಳಿ ನೋಡಿ. ಅದಕ್ಕಿಂತ ಮುಖ್ಯ, ಪೋಸ್ಟಿಂಗ್, ಅಂದರೆ ಕೆಲಸ ಕಲಿಯೋಕೆ ಕಳಿಸೋದು, ಎಲ್ಲಿಗೆ ಅಂತ ಕೇಳಿ. ನಮ್ಮನ್ನು ಕಳಿಸಿದ್ದ ಖಾಸಗಿ ಲ್ಯಾಬಿನಲ್ಲಿ ರಿಜಿಸ್ಟರ್ ಬರೆದಿದ್ದೇ ಜಾಸ್ತಿ. ಸರ್ಕಾರಿ ಆಸ್ಪತ್ರೆಗೆ ಕಳಿಸ್ತೀವಿ ಅಂದ್ರೆ ಸೇರಿ. ‘ನೋಡೋಣಂತ’ ಅಂದ್ರೆ ಇನ್ನೊಂದು ಕಾಲೇಜಿಗೆ ಹೋಗಿ ಕೇಳಿ.