ಬಿಪಿಇಎಸ್, ಬಿಎ, ಎನ್‌ಐಎಸ್: ಪಿಟಿ ಟೀಚರ್ ಆಗಲು ಯಾವ ದಾರಿ?

ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರಾಗಬೇಕೆಂದರೆ ಕಡೆಗೆ ಬೇಕಾಗುವುದು ಬಿಪಿಎಡ್, ಅಂದರೆ ದೈಹಿಕ ಶಿಕ್ಷಕರ ತರಬೇತಿ ಪದವಿ. ಅದರಲ್ಲಿ ಚರ್ಚೆಯಿಲ್ಲ. ಚರ್ಚೆಯೆಲ್ಲ ಅದಕ್ಕೂ ಮುಂಚಿನ ಮೂರು ವರ್ಷದ್ದು. ಪಿಯುಸಿ ಆದ ಮೇಲೆ ನೇರವಾಗಿ ಬಿಪಿಇಎಸ್ (ದೈಹಿಕ ಶಿಕ್ಷಣ, ಕ್ರೀಡೆಯದ್ದೇ ಪದವಿ) ಸೇರಬೇಕೋ, ಬಿಎ ಬಿಎಸ್ಸಿ ಯಾವುದಾದರೂ ಮಾಡಿಕೊಂಡು ಹೋಗಬೇಕೋ? ನಡುವೆ ಯಾರಾದರೊಬ್ಬರು "ಎನ್‌ಐಎಸ್ ಮಾಡ್ಬಿಡು, ಅದೇ ದೊಡ್ಡದು" ಅಂತ ಕಿವಿಯೂದುತ್ತಾರೆ, ಅದು ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಕೋಚಿಂಗ್ ಕೋರ್ಸು. ನಾನು ಈ ಮೂರೂ ಕಡೆ ಕೂತೆದ್ದು ಬಂದವಳು. ಬಿಪಿಇಎಸ್ ಮೊದಲ ವರ್ಷ ಓದಿದೆ, ಮನೆಯಲ್ಲಿ ಹಾಸ್ಟೆಲ್ ಖರ್ಚು ತಡೆಯಲಾಗದೆ ಊರಿಗೆ ವಾಪಸ್ ಬಂದು ಬಿಎ ಮುಗಿಸಿದೆ, ಆಮೇಲೆ ಬಿಪಿಎಡ್. ಕೆಲಸಕ್ಕೆ ಸೇರಿದ ಮೇಲೆ ಬೇಸಿಗೆ ರಜೆಯಲ್ಲಿ ಅಥ್ಲೆಟಿಕ್ಸ್‌ನಲ್ಲಿ ಎನ್‌ಐಎಸ್‌ನ ಆರು ವಾರದ ಸರ್ಟಿಫಿಕೇಟ್ ಕೋರ್ಸನ್ನೂ ಮಾಡಿಕೊಂಡೆ.

ನನ್ನ ಅಳತೆಗೋಲು ಒಂದೇ. ಎಂಟನೇ ಕ್ಲಾಸಿನ ಅರವತ್ತು ಮಕ್ಕಳು, ಒಂದು ವಾಲಿಬಾಲ್, ನಲವತ್ತು ನಿಮಿಷ. ಈ ಪೀರಿಯಡ್ಡಿಗೆ ಯಾವ ಕೋರ್ಸು ಎಷ್ಟು ಕೆಲಸಕ್ಕೆ ಬಂತು?

ಬಿಪಿಇಎಸ್‌ನಲ್ಲಿ ಇಡೀ ದಿನ ನಮ್ಮದೇ ಲೋಕ. ಬೆಳಗಿನ ಜಾವ ಗ್ರೌಂಡು, ತಿಂಡಿ, ಕ್ಲಾಸು, ಸಂಜೆ ಮತ್ತೆ ಗ್ರೌಂಡು. ಮೊದಲ ವರ್ಷವೇ ಅನಾಟಮಿ ಶುರು. ಮೂಳೆ, ಕೀಲು, ಸ್ನಾಯು ಅಂತ ಹೆಸರು ಬಾಯಿಪಾಠ ಮಾಡಿ, ಸಂಜೆ ಶಾಟ್‌ಪುಟ್ ಎಸೆಯುವಾಗ ಅದೇ ಸ್ನಾಯು ಎಳೆದುಕೊಂಡು "ಓ, ಇದೇನಾ ಡೆಲ್ಟಾಯ್ಡ್" ಅಂತ ತಿಳಿಯುತ್ತಿತ್ತು. ಖೋ ಖೋ ಬಿಟ್ಟರೆ ಬೇರೇನೂ ಆಡಿರದ ನನ್ನಂಥವಳಿಗೆ ಜಿಮ್ನಾಸ್ಟಿಕ್ಸ್, ಹರ್ಡಲ್ಸ್ ಎಲ್ಲ ಕೈಗೆ ಹತ್ತಿದ್ದು ಅಲ್ಲೇ. ಆಟದ ವಿಷಯದಲ್ಲಿ ಇದಕ್ಕೆ ಸಾಟಿಯಿಲ್ಲ.

ಆದರೆ ಸೇರುವ ಮುಂಚೆ ಯಾರೂ ಬಿಡಿಸಿ ಹೇಳದ ಸಂಗತಿ ಒಂದಿದೆ. ಬಿಪಿಇಎಸ್ ಒಂದು ಪದವಿ, ಅಷ್ಟೇ. ಅದರಿಂದಲೇ ಹೈಸ್ಕೂಲ್ ಮೇಷ್ಟ್ರಾಗಲು ಬರುವುದಿಲ್ಲ, ಮೇಲೆ ಎರಡು ವರ್ಷ ಬಿಪಿಎಡ್ ಮಾಡಲೇಬೇಕು. ಪಿಎಸ್‌ಐ, ಎಫ್‌ಡಿಎ ಥರದ "ಯಾವುದೇ ಪದವಿ" ಪರೀಕ್ಷೆಗಳಿಗೆ ಕೂರಬಹುದು, ಸರಿ. ಬಿಎಡ್ ಮಾಡೋಣವೆಂದರೆ ಶಾಲೆಯಲ್ಲಿ ಪಾಠ ಮಾಡುವ ವಿಷಯಗಳನ್ನು ಡಿಗ್ರಿಯಲ್ಲಿ ಓದಿರಬೇಕು, ಆ ಬಾಗಿಲು ಮುಚ್ಚಿದಂತೆಯೇ.

ಬಿಎ ದಿನಗಳು ಪೂರ್ತಿ ಬೇರೆ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ತಗೊಂಡಿದ್ದೆ. ಮಧ್ಯಾಹ್ನಕ್ಕೆ ಕ್ಲಾಸು ಮುಗಿದರೆ ಸಂಜೆ ಎಲ್ಲ ನನ್ನದೇ. ಗ್ರೌಂಡಿಗೆ ಹೋದರೆ ಹೋದೆ, ಬಿಟ್ಟರೆ ಕೇಳುವವರಿಲ್ಲ. ಇಲ್ಲಿ ಆಟದ ಶಿಸ್ತನ್ನು ನಾವೇ ತಂದುಕೊಳ್ಳಬೇಕು, ಹಾಗೆ ತಂದುಕೊಳ್ಳದ ಹುಡುಗಿಯರು ಕಡೇ ವರ್ಷದ ಹೊತ್ತಿಗೆ ಆಟವನ್ನೇ ಮರೆತಿದ್ದರು. ಅಂತರ ಕಾಲೇಜು ಟೂರ್ನಿಗೆ ಮಾತ್ರ ತಪ್ಪದೆ ಹೋಗಿ. ಶಿಕ್ಷಕರ ತರಬೇತಿ ಕೋರ್ಸುಗಳನ್ನು ನೋಡಿಕೊಳ್ಳುವ ಎನ್‌ಸಿಟಿಇಯ 2014ರ ನಿಯಮದ ಪ್ರಕಾರ ಬೇರೆ ವಿಷಯದ ಪದವೀಧರರು ಬಿಪಿಎಡ್‌ಗೆ ಬರಬೇಕಾದರೆ ಶೇ. 50 ಅಂಕದ ಜೊತೆಗೆ ಅಂತರ ಕಾಲೇಜು, ಜಿಲ್ಲೆ ಅಥವಾ ಶಾಲಾ ಮಟ್ಟದ ಮಾನ್ಯ ಕ್ರೀಡಾಕೂಟದಲ್ಲಿ ಆಡಿದ ದಾಖಲೆ ಬೇಕು. ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಆಡಿದವರಿಗೆ, ಡಿಗ್ರಿಯಲ್ಲಿ ದೈಹಿಕ ಶಿಕ್ಷಣವನ್ನು ವಿಷಯವಾಗಿ ಓದಿದವರಿಗೆ ಶೇ. 45 ಸಾಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ರಿಯಾಯಿತಿ ಇದೆ. ಹೋಬಳಿ ಮಟ್ಟದಿಂದ ಹಿಡಿದು ಸಿಕ್ಕ ಸರ್ಟಿಫಿಕೇಟೆಲ್ಲ ಒಂದು ಫೈಲಿನಲ್ಲಿಡಿ. ಅದರಲ್ಲಿ ಹೆಸರು, ಇನಿಷಿಯಲ್ಲು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಂತೆಯೇ ಇರಲಿ, ಅಡ್ಮಿಷನ್ ದಿನ ಇನಿಷಿಯಲ್ ಗಲಾಟೆಯಲ್ಲಿ ಅತ್ತವರನ್ನು ನೋಡಿದ್ದೇನೆ.

ಬಿಎಯಿಂದ ನನಗೆ ಸಿಕ್ಕ ದೊಡ್ಡ ಲಾಭ ಧೈರ್ಯ. ದೈಹಿಕ ಶಿಕ್ಷಕರ ನೇಮಕಾತಿ ವರ್ಷಗಟ್ಟಲೆ ಆಗದೆ ಹೋದರೂ ಬಿಎಡ್ ಮಾಡಿ ಸಮಾಜ ವಿಜ್ಞಾನಕ್ಕೋ ಕನ್ನಡಕ್ಕೋ ಹೋಗಬಹುದು. ಹೆಣ್ಣುಮಕ್ಕಳ ಅಪ್ಪ ಅಮ್ಮಂದಿರಿಗೆ ಈ ಒಂದು ಮಾತು ಹೇಳಿದರೆ ಅರ್ಧ ಜಗಳ ಮುಗಿಯುತ್ತದೆ.

ಈಗ ಬಿಪಿಎಡ್‌ಗೆ ಬರೋಣ. ಎರಡೂ ದಾರಿಯವರು ಒಂದೇ ಬೆಂಚಿಗೆ ಬಂದು ಕೂರುವುದು ಇಲ್ಲಿ. ಹಿಂದೆ ಒಂದೇ ವರ್ಷದ ಕೋರ್ಸಾಗಿತ್ತು, 2014ರ ನಿಯಮ ಬಂದ ಮೇಲೆ ಎರಡು ವರ್ಷ, ನಾಲ್ಕು ಸೆಮಿಸ್ಟರ್. ಮೊದಲ ಸೆಮಿಸ್ಟರಿನಲ್ಲಿ ಬಿಪಿಇಎಸ್‌ನವರು ಅನಾಟಮಿ ಕ್ಲಾಸಿನಲ್ಲಿ ಆರಾಮಾಗಿ ತೂಕಡಿಸುತ್ತಿದ್ದರು, ಬಿಎ ಬಿಕಾಂನವರು ಪಕ್ಕದವರ ನೋಟ್ಸು ನೋಡುತ್ತಿದ್ದರು. ನಾನು ಎರಡರ ಮಧ್ಯೆ, ಅರ್ಧ ನೆನಪಿದ್ದವಳು.

ಆದರೆ ಲೆಸನ್ ಶುರುವಾದ ದಿನ ಎಲ್ಲರೂ ಒಂದೇ. ಹತ್ತಿರದ ಶಾಲೆಗೆ ಕಳಿಸಿ, ಸೀಟಿ ಕೈಗೆ ಕೊಟ್ಟು, ಹಿಂದೆ ಪ್ರೊಫೆಸರ್ ನಿಂತು ಅಂಕ ಹಾಕುತ್ತಾರೆ. ರಾಜ್ಯ ಮಟ್ಟದಲ್ಲಿ ಆಡಿದ ಹುಡುಗ "ಕಕ್ಷಾ ಸಾವಧಾನ್" ಅನ್ನುವಾಗ ದನಿ ನಡುಗಿತು. ಅಲ್ಲಿ ಕಲಿಸಿದ ಸಣ್ಣ ಸಣ್ಣ ಸಂಗತಿಗಳೇ ನನಗೆ ಇವತ್ತಿಗೂ ಅನ್ನ ಕೊಡುತ್ತಿರುವುದು. ಬಿಸಿಲು ಮಕ್ಕಳ ಕಣ್ಣಿಗೆ ಬೀಳದಂತೆ ಸಾಲು ನಿಲ್ಲಿಸಬೇಕು, ಬಿಸಿಲಿಗೆ ಮುಖ ಕೊಟ್ಟು ನಿಲ್ಲುವವಳು ಟೀಚರ್. ತೋರಿಸಿಕೊಡುವಾಗ ಕಡೇ ಸಾಲಿನವರಿಗೆ ಕಾಣದಿದ್ದರೆ ಮುಂದಿನ ಸಾಲನ್ನು ಕೂರಿಸಬೇಕು. ಆಟ ಬಾರದ ಮಗುವನ್ನು ಸ್ಕೋರ್ ಬರೆಯಲು ಕೂರಿಸಿಬಿಡುವುದು ಸುಲಭ, ಆದರೆ ಆ ಮಗು ವರ್ಷವಿಡೀ ಸ್ಕೋರೇ ಬರೆಯುತ್ತೆ.

ಇನ್ನೊಂದು ಮಾರ್ಕಿಂಗ್, ಅಂದರೆ ಅಂಕಣಕ್ಕೆ ಗೆರೆ ಎಳೆಯುವುದು. ಖೋ ಖೋ ಅಂಕಣ 27 ಮೀಟರ್ ಉದ್ದ 16 ಮೀಟರ್ ಅಗಲ, ಕಬಡ್ಡಿ ಗಂಡಸರಿಗೆ 13ಕ್ಕೆ 10, ಹೆಂಗಸರಿಗೆ 12ಕ್ಕೆ 8 ಅಂತ ಬಾಯಲ್ಲಿ ಹೇಳುವುದು ಬೇರೆ. ಟೇಪು, ದಾರ, ಗೂಟ, ಸುಣ್ಣದ ಪುಡಿ ಹಿಡಿದು ಮೂಲೆ ನೆಟ್ಟಗೆ ಬರುವಂತೆ ಎಳೆಯುವುದು ಬೇರೆ. ಮೂರು ಮೀಟರ್, ನಾಲ್ಕು ಮೀಟರ್ ಅಳೆದು ಅಡ್ಡಕ್ಕೆ ಐದು ಬಂತಾ ನೋಡು, ಬಂದರೆ ಮೂಲೆ ಸರಿ. ಓಟದ ಟ್ರ್ಯಾಕಿನ ಸ್ಟ್ಯಾಗರ್ (ಹೊರಗಿನ ಲೇನುಗಳ ಸ್ಟಾರ್ಟಿಂಗ್ ಗೆರೆಯನ್ನು ಮುಂದಕ್ಕೆ ಹಾಕುವ ಲೆಕ್ಕ) ಅಂತೂ ಬಿಎಯವರಿಗೆ ಗಣಿತದ ಭೂತ. ಒಂದು ಲೇನಿನ ಅಗಲ 1.22 ಮೀಟರ್. ಶಾಲೆ ಮೈದಾನದಲ್ಲಿ ಒಂದು ಸುತ್ತಿಗೆ ಹೊರಗಿನ ಲೇನಿನವನು ಪಕ್ಕದ ಒಳಗಿನವನಿಗಿಂತ 7.66 ಮೀಟರ್ ಹೆಚ್ಚು ಓಡಬೇಕಾಗುತ್ತೆ, ಅದಕ್ಕೇ ಅವನನ್ನು ಅಷ್ಟು ಮುಂದೆ ನಿಲ್ಲಿಸುವುದು. ಟ್ರ್ಯಾಕ್ 200 ಮೀಟರಿನದಾದರೂ 400 ಮೀಟರಿನದಾದರೂ ಈ ಅಂತರ ಅಷ್ಟೇ. ಇದು ತಲೆಗೆ ಹೊಕ್ಕ ದಿನ ನನಗಾದ ಖುಷಿ ಫೈನಲ್ ಗೆದ್ದಾಗಲೂ ಆಗಿರಲಿಲ್ಲ.

ಎನ್‌ಐಎಸ್ ಇನ್ನೊಂದೇ ಜಗತ್ತು. ಪಟಿಯಾಲದ ಸಂಸ್ಥೆ 1961ರದ್ದು, ದಕ್ಷಿಣದವರಿಗೆ ಬೆಂಗಳೂರಿನಲ್ಲೇ ಕೇಂದ್ರವಿದೆ. ತಿಂಗಳಿಗೆ, ವಾರಕ್ಕೆ ತರಬೇತಿ ಹಂಚುವುದು, ಯಾವಾಗ ಹೊರೆ ಏರಿಸಬೇಕು, ಯಾವಾಗ ಇಳಿಸಬೇಕು ಅನ್ನುವುದನ್ನು ಇಷ್ಟು ಚೊಕ್ಕವಾಗಿ ನಾನು ಬೇರೆಲ್ಲೂ ಕೇಳಿಲ್ಲ. ಜಿಲ್ಲಾ ಮಟ್ಟಕ್ಕೆ ಹೋಗುವ ನನ್ನ ರಿಲೇ ಟೀಮಿಗೆ ಇದರಿಂದ ನಿಜವಾಗಿ ಉಪಯೋಗವಾಯಿತು. ಆದರೆ ಅಲ್ಲಿನ ಪಾಠವೆಲ್ಲ ಗೆಲ್ಲಬೇಕೆಂದು ತಾನೇ ಬಂದಿರುವ ಆಟಗಾರನಿಗೆ. ನನ್ನ ಅರವತ್ತರಲ್ಲಿ ಅಂಥವರು ಐದಾರು ಜನ. ಉಳಿದವರು "ಮಿಸ್, ಹೊಟ್ಟೆನೋವು" ಅನ್ನುವವರು. ಇನ್ನು, ಆರು ವಾರದ ಸರ್ಟಿಫಿಕೇಟೇ ಬೇರೆ, ಒಂದು ವರ್ಷದ ಡಿಪ್ಲೊಮಾನೇ ಬೇರೆ. ಕೋಚ್ ಆಗಬೇಕೆನ್ನುವವರು ನೋಡಬೇಕಾದದ್ದು ಡಿಪ್ಲೊಮಾ. ಎರಡರಲ್ಲಿ ಯಾವುದೂ ಬಿಪಿಎಡ್‌ಗೆ ಬದಲಿಯಲ್ಲ.

ಡಿಪಿಎಡ್, ಅಂದರೆ ದೈಹಿಕ ಶಿಕ್ಷಣದ ಡಿಪ್ಲೊಮಾ, ನಾನು ಮಾಡಿದ್ದಲ್ಲ, ಎರಡೇ ಮಾತು ಹೇಳುತ್ತೇನೆ. ಪಿಯುಸಿ ಆದಮೇಲೆ ಎರಡು ವರ್ಷ, ಪ್ರಾಥಮಿಕ ಹಂತಕ್ಕೆ. ನಮ್ಮ ಹಳೇ ಮೇಷ್ಟ್ರುಗಳ ಸಿಪಿಎಡ್ ಸರ್ಟಿಫಿಕೇಟ್ ಕೋರ್ಸಿನ ಜಾಗಕ್ಕೆ ಬಂದದ್ದು. ಬೇಗ ದುಡಿಯಬೇಕಾದವರಿಗೆ ಆಕರ್ಷಕ. ಆದರೆ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ ಪಟ್ಟಿಯಲ್ಲಿ ಆರರಿಂದ ಎಂಟನೇ ತರಗತಿಗೆ ದೈಹಿಕ ಶಿಕ್ಷಣ ಕಲಿಸುವವರು ಅರೆಕಾಲಿಕ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ. ಕಾನೂನೇ ನಮ್ಮನ್ನು ಅರ್ಧ ಹೊತ್ತಿನವರೆಂದು ಎಣಿಸಿರುವಾಗ ಡಿಪ್ಲೊಮಾ ಒಂದನ್ನೇ ನಂಬಿ ಕೂರಲು ನಾನಂತೂ ಹೇಳಲಾರೆ.

ಕಾಲೇಜು ಯಾವುದು ಅಂತಲೂ ಕೇಳುತ್ತಾರೆ. ಹೆಸರಿಗೆ ಚೆನ್ನೈನ ವೈಎಂಸಿಎ ಇದೆ, 1920ರದ್ದು. ಗ್ವಾಲಿಯರಿನ ಲಕ್ಷ್ಮೀಬಾಯಿ ಸಂಸ್ಥೆ 1957ರದ್ದು. ನಮ್ಮಲ್ಲಿ ಬೆಂಗಳೂರು, ಮೈಸೂರು ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ಕಾಲೇಜುಗಳು, ಹೆಣ್ಣುಮಕ್ಕಳಿಗೆ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ. ಖಾಸಗಿಯವೂ ಇವೆ, ಅವುಗಳ ಎನ್‌ಸಿಟಿಇ ಮಾನ್ಯತೆ ಪತ್ರ ಕೇಳಿ ನೋಡಿ. ಸಂಜೆ ಐದಕ್ಕೆ ಹೋಗಿ ಗ್ರೌಂಡಿನಲ್ಲಿ ಜನ ಇದ್ದಾರಾ ನೋಡಿ. ಸೀನಿಯರ್‌ಗಳನ್ನು ಹಿಡಿದು ಲೆಸನ್ ನಿಜವಾಗಿ ಶಾಲೆಗೆ ಹೋಗಿ ಮಾಡಿಸುತ್ತಾರಾ, ಇಲ್ಲ ಕ್ಲಾಸ್‌ಮೇಟ್‌ಗಳನ್ನೇ ಮಕ್ಕಳಂತೆ ನಿಲ್ಲಿಸಿ ಸಹಿ ಹಾಕಿಬಿಡುತ್ತಾರಾ ಕೇಳಿ. ಮನೇಲಿ ಕೂತೇ ಬಿಪಿಎಡ್ ಮಾಡಿಸುತ್ತೇವೆ ಅನ್ನುವವರ ಫೋನ್ ನಂಬರನ್ನು ಬ್ಲಾಕ್ ಮಾಡಿ.

ನನ್ನ ತೀರ್ಪು ಹೀಗೆ. ಮನೆಯಲ್ಲಿ ಐದೂ ವರ್ಷ ಹಾಸ್ಟೆಲ್ ಖರ್ಚು ತಡೆದು ಓದಿಸುವ ಅನುಕೂಲವಿದ್ದು, ಆಟ ಬಿಟ್ಟರೆ ಬೇರೇನೂ ಬೇಡ ಎನ್ನುವವರು, ಮುಂದೆ ಎಂಪಿಎಡ್ (ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ) ಮಾಡಿ ಕಾಲೇಜಿಗೆ ಕೆಲಸಕ್ಕೆ ಹೋಗುವ ಆಸೆಯಿದ್ದವರು ಬಿಪಿಇಎಸ್ ಹಿಡಿಯಲಿ. ಉಳಿದ ಬಹುಪಾಲು ಜನ, ಅದರಲ್ಲೂ ಹಳ್ಳಿಯಿಂದ ಬಸ್ಸಿನಲ್ಲಿ ಓಡಾಡುವವರು, ಊರ ಹತ್ತಿರ ಬಿಎ ಬಿಎಸ್ಸಿ ಮಾಡಿ, ಕಾಲೇಜು ಟೀಮಿನಲ್ಲಿ ಆಡಿ, ಆಮೇಲೆ ಒಳ್ಳೇ ಬಿಪಿಎಡ್ ಹುಡುಕಲಿ. ಬಿಪಿಇಎಸ್‌ನವರ ಮುನ್ನಡೆ ಎರಡನೇ ವರ್ಷದ ಹೊತ್ತಿಗೆ ಅಷ್ಟೇನೂ ಉಳಿಯುವುದಿಲ್ಲ. ಎನ್‌ಐಎಸ್ ಕೆಲಸ ಸಿಕ್ಕಮೇಲೆ ಮಾಡುವಂಥದ್ದು, ಆಗ ಅಲ್ಲಿ ಏನು ಕೇಳಬೇಕೆಂದು ಗೊತ್ತಿರುತ್ತೆ.

ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರಾಗಬೇಕೆಂದರೆ ಎಂಪಿಎಡ್‌ನಲ್ಲಿ ಶೇ. 55, ಜೊತೆಗೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ. ಯುಜಿಸಿ 2018ರ ನಿಯಮದಲ್ಲಿ ಓಟದ ಪರೀಕ್ಷೆಯೂ ಇದೆ. ಮೂವತ್ತು ವರ್ಷದೊಳಗಿನ ಗಂಡಸರು 12 ನಿಮಿಷದಲ್ಲಿ 1800 ಮೀಟರ್, ಹೆಂಗಸರು 8 ನಿಮಿಷದಲ್ಲಿ 1000 ಮೀಟರ್ ಓಡಬೇಕು. ವಯಸ್ಸಾದಂತೆ ದೂರ ಕಡಿಮೆಯಾಗುತ್ತೆ, ನಲವತ್ತರವರೆಗಿನ ಹೆಂಗಸರಿಗೆ 800. ಕೆ-ಸೆಟ್ ಪುಸ್ತಕ ಹಿಡಿದು ಕೂತಿರುವವರು ಸಂಜೆ ಹೊತ್ತು ಇದನ್ನೂ ಒಮ್ಮೆ ವಾಚ್ ಇಟ್ಟುಕೊಂಡು ಓಡಿ ನೋಡಿ.